ನಮ್ಮ ಜ್ವರ, ಅವರ ನಿದ್ದೆ

ಅಪ್ಪ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಮನೆಗೆ ಬಂದಾಗ ಅವತ್ತಿನ ರೇಟು ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಒಳ್ಳೆ ರೇಟು ಸಿಕ್ಕಿದ್ದರೆ ಕೈಯಲ್ಲಿ ಕಾರಾಸೇವೆಯ ಪೊಟ್ಟಣ ಇರುತ್ತಿತ್ತು. ಇಲ್ಲದಿದ್ದರೆ ಜಗಲಿ ಮೇಲೆ ಕೂತು ಗೂಡು ತುಂಬಿಕೊಂಡು ಹೋಗಿದ್ದ ಚೀಲಗಳನ್ನು ಒಂದೊಂದಾಗಿ ಮಡಚುತ್ತಾ ಹೇಳುತ್ತಿದ್ದ: "ಚೀನಾ ರೇಷ್ಮೆ ಬಂದದಂತೆ."

ನನಗಾಗ ಏಳೆಂಟು ವರ್ಷ. ಚೀನಾ ರೇಷ್ಮೆ ಅಂದರೆ ಯಾರೋ ಒಬ್ಬ ಮನುಷ್ಯ ಅಂದುಕೊಂಡಿದ್ದೆ. ಅಪ್ಪನಿಗಿಂತ ಮುಂಚಿನ ಬಸ್ಸಿಗೇ ಹೋಗಿ ಮಾರುಕಟ್ಟೆಯಲ್ಲಿ ಜಾಗ ಹಿಡಿಯುವ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಅವನಿಗೆ ರಸ್ತೆಯಲ್ಲೆಲ್ಲೋ ಬಸ್ಸು ಕೆಟ್ಟು ನಿಲ್ಲಲಿ ಅಂತ ಬೇಡಿಕೊಂಡದ್ದೂ ಉಂಟು.

2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಅಷ್ಟು ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ, ಚೀನಾ ರೇಷ್ಮೆ ಮನುಷ್ಯನಲ್ಲ ಅನ್ನುವುದು ಗೊತ್ತಿತ್ತು. ಆ ವರ್ಷ ಅಪ್ಪ ಒಂದು ಎಕರೆ ರೇಷ್ಮೆ ಗಿಡ ಕೀಳಿಸಿ ತೆಂಗು ಹಾಕಿಸಿದ. ಗಿಡ ಕಿತ್ತ ದಿನ ಫೋನ್ ಮಾಡಿ ಹೇಳಿದ್ದು ಅವ್ವ, ಅಪ್ಪ ಮಾತಾಡಲಿಲ್ಲ.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಗಂಡನ ಕೆಲಸದ ಹಿಂದೆ ಶಾಂಘೈಗೆ ಬಂದು ಮೂರು ವರ್ಷವಾದ ಮೇಲೆ, ಮೊನ್ನೆ ಮೇ ತಿಂಗಳ ಒಂದು ಶನಿವಾರ, ಆ ಬಿಳಿ ಅಂಗಿಯವನ ಹುಟ್ಟೂರಿಗೆ ಹೋಗಿ ಬಂದೆ. ಗೊತ್ತಿದ್ದು ಹೋದದ್ದಲ್ಲ. ಬಸ್ಸಿನಲ್ಲಿ ಸೀಟು ಇತ್ತು, ಹೋದೆ.

ಚೀನೀ ಭಾಷೆ ಕಲಿಯಲು ವಾರಕ್ಕೆ ಎರಡು ಸಂಜೆ ಒಂದು ಕ್ಲಾಸಿಗೆ ಹೋಗುತ್ತೇನೆ. ಕ್ಲಾಸಿನವರೆಲ್ಲ ಸೇರಿ ವರ್ಷಕ್ಕೊಮ್ಮೆ ಒಂದು ದಿನದ ಪ್ರವಾಸ. ಯಾಂಗ್‌ತ್ಸೆ ನದಿಯ ದಕ್ಷಿಣಕ್ಕಿರುವ ಈ ಸೀಮೆಗೆ ಜಿಯಾಂಗ್‌ನಾನ್ ಅನ್ನುತ್ತಾರೆ. ಇಲ್ಲಿ ಬೀದಿಗಳ ಜಾಗದಲ್ಲಿ ಕಾಲುವೆಗಳಿರುವ ಹಳೆಯ ಪೇಟೆಗಳು ಬೇಕಾದಷ್ಟಿವೆ: ಝೌಝುವಾಂಗ್, ತೋಂಗ್‌ಲಿ, ವೂಝೆನ್, ಶಿತಾಂಗ್. ಕ್ಲಾಸಿನ ವೀಚಾಟ್ ಗುಂಪಿನಲ್ಲಿ ನಾಲ್ಕು ದಿನ ಇದೇ ಜಗಳ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿಲ್ಲ. ಕೊನೆಗೆ ನಮ್ಮ ಲಾವೋಷಿ, ಅಂದರೆ ಮೇಡಂ, ಯಾರೂ ಹೇಳದ ಹೆಸರೊಂದನ್ನು ಹಾಕಿದರು: ನಾನ್‌ಶುನ್. ಕಾರಣವನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದರು: ಅಲ್ಲಿ ಟಿಕೆಟ್ಟಿಲ್ಲ. ಜಗಳ ಅಲ್ಲಿಗೆ ಮುಗಿಯಿತು. ಯಾವ ದೇಶದವರಾದರೂ ಪುಕ್ಕಟೆ ಅಂದರೆ ಒಂದೇ ಜಾತಿ.

ಬೆಳಿಗ್ಗೆ ಏಳಕ್ಕೆ ಮೆಟ್ರೋ ಗೇಟಿನ ಮುಂದೆ ಹತ್ತೊಂಬತ್ತು ಜನ. ಕೊಲಂಬಿಯಾದ ಅಕ್ಕತಂಗಿಯರು, ಘಾನಾದಿಂದ ಓದಲು ಬಂದ ಹುಡುಗ, ಇಬ್ಬರು ಮಕ್ಕಳ ಕೊರಿಯಾದ ತಾಯಿ, ಯಾವಾಗಲೂ ತಡವಾಗಿ ಬರುವ ಮತ್ತು ಅವತ್ತೂ ತಡವಾಗಿ ಬಂದ ಇಟಲಿಯವನು. ಹಿಂದೂಪುರದ ಗಂಡ ಹೆಂಡತಿ ಇದ್ದದ್ದು ನನ್ನ ಪುಣ್ಯ. ಹೆಂಡತಿ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ, ಅವರ ಕಡೆಯ ಕನ್ನಡ, ನಡುನಡುವೆ ತೆಲುಗು ಬೆರೆತದ್ದು. ನನ್ನ ಗಂಡ ಶನಿವಾರವೂ ಆಫೀಸು ಅಂತ ತಪ್ಪಿಸಿಕೊಂಡಿದ್ದ.

ಬಸ್ಸು ಶಾಂಘೈ ದಾಟುತ್ತಿದ್ದಂತೆ ಲಾವೋಷಿ ಮೈಕು ಹಿಡಿದರು. ಎಲ್ಲರೂ ಚೀನೀ ಭಾಷೆಯಲ್ಲಿ ತಮ್ಮ ಪರಿಚಯ ಹೇಳಬೇಕಂತೆ. ಪ್ರವಾಸಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡುವುದು ಮೇಷ್ಟ್ರುಗಳ ಜನ್ಮಕ್ಕಂಟಿದ ಚಾಳಿ. ಆಮೇಲೆ ಅವರು ಪಂಚಾಂಗದ ಮಾತು ತೆಗೆದರು. ಎರಡು ದಿನದ ಹಿಂದೆ ಶಿಯಾವ್‌ಮಾನ್ ಬಂದು ಹೋಗಿತ್ತು. ವರ್ಷವನ್ನು ಇಪ್ಪತ್ನಾಲ್ಕಾಗಿ ಸೀಳಿರುವ ಇವರ ಲೆಕ್ಕದಲ್ಲಿ ಅದೊಂದು, ನಮ್ಮ ಮಳೆ ನಕ್ಷತ್ರಗಳ ಹಾಗೆ. ಶಿಯಾವ್‌ಮಾನ್ ಬಂದರೆ ಮೂರು ಚಕ್ರ ತಿರುಗುತ್ತವೆ ಅನ್ನುವುದು ಜಿಯಾಂಗ್‌ನಾನ್‌ನ ಗಾದೆ. ಗದ್ದೆಗೆ ನೀರೆತ್ತುವ ಚಕ್ರ, ಎಣ್ಣೆ ಗಾಣದ ಚಕ್ರ, ಮತ್ತು ರೇಷ್ಮೆ ನೂಲು ತೆಗೆಯುವ ಚಕ್ರ.

ನಾನು ಕಿಟಕಿಯಿಂದ ತಲೆ ಎತ್ತಿದ್ದು ಆಗ.

ಎತ್ತಿ ಮತ್ತೆ ಕಿಟಕಿಯತ್ತ ತಿರುಗಿದರೆ ಹೊರಗೆ ಕೆರೆಗಳ ಸಾಲು, ಕೆರೆಯ ಏರಿಯುದ್ದಕ್ಕೂ ಮೊಣಕಾಲೆತ್ತರಕ್ಕೆ ಮೊಂಡಾಗಿ ಕಡಿದ ಬುಡಗಳು. ಪ್ರತಿ ಬುಡದ ತುದಿಯೂ ಮುಷ್ಟಿ ಬಿಗಿದ ಹಾಗೆ ಗಂಟುಗಂಟು, ಆ ಮುಷ್ಟಿಯಿಂದ ಚಿಮ್ಮಿದ ಹಸಿರು ಕಡ್ಡಿಗಳು. ಹಿಂದಿನ ಸೀಟಿನಿಂದ ಹಿಂದೂಪುರದವಳು ನನ್ನ ಭುಜ ತಟ್ಟಿದಳು. "ಅಕ್ಕಾ, ಇದು ರೇಷ್ಮೆ ಸೊಪ್ಪು ಅಲ್ವಾ?"

ಹೌದು. ಹಿಪ್ಪುನೇರಳೆ ಅಂತ ಇಲಾಖೆಯವರು ಬೇಕಾದರೆ ಅನ್ನಲಿ, ನಮಗೆ ಅದು ರೇಷ್ಮೆ ಸೊಪ್ಪು. ಎಲೆಯ ಮೇಲಿನ ಆ ಮಿರುಗನ್ನು ಗಂಟೆಗೆ ನೂರು ಕಿಲೋಮೀಟರು ಓಡುವ ಬಸ್ಸಿನಿಂದಲೂ ಗುರುತು ಹಿಡಿಯಬಹುದು. ಒಂದು ಕಾಲದಲ್ಲಿ ದಿನಕ್ಕೆ ನಾಲ್ಕು ಸಲ ಕುಯ್ದು ತಂದವರಿಗೆ ಅದು ಮರೆಯುವುದಿಲ್ಲ.

ಆ ಕೆರೆಗಳ ವಿಷಯ ಲಾವೋಷಿ ಹೇಳಿದಾಗ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾನ್‌ಶುನ್ ಸೇರಿದ ಹೂಝೌ ಸೀಮೆಯ ಹಳೆಯ ಪದ್ಧತಿ ಇದು. ತಗ್ಗು ನೆಲ ತೋಡಿ ಕೆರೆ ಮಾಡುವುದು, ತೋಡಿದ ಮಣ್ಣನ್ನು ಏರಿಗೆ ಹಾಕಿ ಅದರ ಮೇಲೆ ಹಿಪ್ಪುನೇರಳೆ ನೆಡುವುದು. ಸೊಪ್ಪು ಹುಳಕ್ಕೆ, ಹುಳದ ಹಿಕ್ಕೆ ಮೀನಿಗೆ, ಮೀನಿನ ಕೆರೆಯ ತಳದ ಗೋಡು ಮತ್ತೆ ಗಿಡದ ಬುಡಕ್ಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ನಮ್ಮ ಮನೆಯಲ್ಲಿ ಹುಳದ ಹಿಕ್ಕೆ, ತಿಂದುಬಿಟ್ಟ ಕಡ್ಡಿ ಎಲ್ಲ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆಯಿಂದ ಹೊಲಕ್ಕೆ. ಅದೇ ಚಕ್ರ, ಮೀನೊಂದು ಕಡಿಮೆ. ಪಟ್ಟಿಗೆ ಸೇರಲು ಮೀನು ಬೇಕೇನೋ.

ನಾನ್‌ಶುನ್ ಊರು ಚಂದ ಇದೆ. ಅದನ್ನು ವರ್ಣಿಸುತ್ತಾ ಕೂರುವುದಿಲ್ಲ, ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಕಾಲುವೆ, ಕಮಾನು ಸೇತುವೆ, ಸುಣ್ಣದ ಗೋಡೆ, ಕಪ್ಪು ಹೆಂಚು, ಬಾಡಿಗೆಯ ಹಾನ್‌ಫು ಉಟ್ಟು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು. 1252ರ ಹೊತ್ತಿಗೇ ಇಲ್ಲಿ ಈ ಹೆಸರಿನ ಪೇಟೆ ಇತ್ತು. ಬೀಜಿಂಗಿನ ತನಕ ಹೋಗುವ ಮಹಾ ಕಾಲುವೆಯ ಒಂದು ಕವಲು ಊರ ಮಗ್ಗುಲಲ್ಲೇ ಹರಿಯುತ್ತದೆ, ಹಾಗಾಗಿ 2014ರಲ್ಲಿ ಯುನೆಸ್ಕೊ ಮಹಾ ಕಾಲುವೆಯನ್ನು ವಿಶ್ವ ಪರಂಪರೆ ಎಂದಾಗ ಇದೂ ಅದರೊಳಗೆ ಸೇರಿತು.

ಆದರೆ ಈ ಊರಿನ ನಿಜವಾದ ಹೆಮ್ಮೆ ಬೇರೆ. ಅದು ಪ್ರಾಣಿಗಳ ಲೆಕ್ಕ. ನಾಲ್ಕು ಆನೆ, ಎಂಟು ಎತ್ತು, ಎಪ್ಪತ್ತೆರಡು ಚಿನ್ನದ ನಾಯಿ. ಚಿಂಗ್ ದೊರೆಗಳ ಕೊನೆಗಾಲದಲ್ಲಿ ಇಲ್ಲಿದ್ದ ಸಾಹುಕಾರರನ್ನು ಜನ ಆಸ್ತಿಯ ಗಾತ್ರಕ್ಕೆ ತಕ್ಕ ಪ್ರಾಣಿಯ ಹೆಸರಿನಿಂದ ವಿಂಗಡಿಸಿದ್ದರಂತೆ. ಲಿಯು, ಝಾಂಗ್, ಪಾಂಗ್, ಗು: ಈ ನಾಲ್ಕು ಮನೆತನ ಆನೆಗಳು. ಎಷ್ಟು ಬೆಳ್ಳಿ ಇದ್ದರೆ ಆನೆ, ಎಷ್ಟಿದ್ದರೆ ಎತ್ತು ಅನ್ನುವುದಕ್ಕೆ ಅಂಗಡಿಗೊಂದು ಲೆಕ್ಕ ಹೇಳುತ್ತಾರೆ. ಇಡೀ ಹೂಝೌ ಪಟ್ಟಣ ಸೇರಿದರೂ ಅರ್ಧ ನಾನ್‌ಶುನ್‌ಗೆ ಸಮ ಬರುವುದಿಲ್ಲ ಎಂಬ ಮಾತಂತೂ ಗೋಡೆಗೋಡೆಯ ಮೇಲೆ ಇದೆ. ಇಷ್ಟೂ ಸಾಹುಕಾರಿಕೆ ಬಂದದ್ದು ಒಂದೇ ಸರಕಿನಿಂದ. ಇಲ್ಲಿಂದ ಏಳು ಲಿ (ಒಂದು ಲಿ ಅಂದರೆ ಸುಮಾರು ಅರ್ಧ ಕಿಲೋಮೀಟರು) ದೂರದ, ಈಗ ಜೀಲಿ ಎಂದು ಕರೆಯುವ ಹಳ್ಳಿಯ ರೇಷ್ಮೆ ನೂಲು.

ಘಾನಾದ ಹುಡುಗ ಕೇಳಿದ: ನಾಯಿಗಿಂತ ಕೆಳಗಿನವರು ಯಾವ ಪ್ರಾಣಿ? ಲಾವೋಷಿ ನಕ್ಕರು. ಪಟ್ಟಿ ನಾಯಿಗೇ ನಿಲ್ಲುತ್ತದೆ.

ಝಾಂಗ್ ಶಿಮಿಂಗ್ ಎಂಬ ಆನೆಯ ಮೊಮ್ಮಗನ ಮನೆಯೊಳಗೆ ನಮ್ಮ ಗುಂಪು ಹೊಕ್ಕಿತು. ಇನ್ನೂರಕ್ಕೂ ಹೆಚ್ಚು ಕೋಣೆಗಳಿವೆ. ಮುಂದಿನಿಂದ ನೋಡಿದರೆ ಮರದ ಕಂಬ, ಕೆತ್ತನೆ, ತೆರೆದ ಅಂಗಳ, ಎಲ್ಲ ಶುದ್ಧ ಚೀನೀ ಮನೆ. ಒಳಗೆ ಹೋಗುತ್ತಾ ಹೋಗುತ್ತಾ, ಬಾಳೆ ಎಲೆಯ ಕಲ್ಲುಕೆತ್ತನೆ ದಾಟಿ, ನೀಲಿ ಹೂವಿನ ಗಾಜು ದಾಟಿ, ಕೊನೆಯ ಅಂಗಳದಲ್ಲಿ ತಿರುಗಿ ನಿಂತರೆ ಎದುರಿಗೆ ಯುರೋಪಿನ ಬಾಲ್ ರೂಮು! ಕೆಂಪು ಇಟ್ಟಿಗೆ, ರೋಮನ್ ಕಂಬ, ಫ್ರಾನ್ಸಿನಿಂದ ಬಂದ ನೆಲದ ಟೈಲ್ಸು. ಬೀದಿಯಲ್ಲಿ ನಿಂತವರಿಗೆ ಇದರ ಸುಳಿವೇ ಇಲ್ಲ. ಇಟಲಿಯವನು ಕೊಲಂಬಿಯಾದ ಅಕ್ಕನ ಕೈ ಹಿಡಿದು ಎರಡು ಸುತ್ತು ಕುಣಿದೇಬಿಟ್ಟ. ಕಾವಲಿನ ಹೆಂಗಸು ಬೈದಳೋ ಹೊಗಳಿದಳೋ ತಿಳಿಯಲಿಲ್ಲ.

ನಾನು ಆ ಮನೆಯಲ್ಲಿ ಬೇರೇನೋ ಹುಡುಕುತ್ತಿದ್ದೆ. ಹುಳ ಎಲ್ಲಿ? ಹುಳ ಗೂಡು ಕಟ್ಟುವ ಚಂದ್ರಿಕೆ ಎಲ್ಲಿ? ನೂಲು ಬಿಚ್ಚುವ ಒಲೆ ಎಲ್ಲಿ? ಕೋಣೆಯಿಂದ ಕೋಣೆಗೆ ಹೋದರೂ ರೇಷ್ಮೆಯ ಯಾವ ಗುರುತೂ ಇಲ್ಲ, ಕುರ್ಚಿಯ ಮೇಲಿನ ಮೆತ್ತೆಯನ್ನು ಬಿಟ್ಟರೆ. ಲಿಯು ಮನೆತನದ ಶಿಯಾವ್‌ಲಿಯೆನ್ ತೋಟದಲ್ಲೂ ಅಷ್ಟೆ. 1885ರಲ್ಲಿ ಶುರು ಮಾಡಿ 1924ರ ತನಕ ಕಟ್ಟಿದ ತೋಟ ಅದು. ನಡುವೆ ಕಮಲದ ಕೊಳ, ಹೂವು ಇನ್ನೂ ಬಿಟ್ಟಿರಲಿಲ್ಲ, ಎಲೆಗಳೇ ಕೊಳ ತುಂಬ. ಪಕ್ಕದಲ್ಲಿ ಎರಡು ಕಲ್ಲಿನ ಕಮಾನು: ಒಂದು ದಾನಧರ್ಮಕ್ಕೆ, ಇನ್ನೊಂದು ಮರುಮದುವೆಯಾಗದೆ ಉಳಿದ ವಿಧವೆಯ ನಿಷ್ಠೆಗೆ. ಮಾಸ್ತಿಕಲ್ಲು ನೋಡಿ ಬೆಳೆದವರಿಗೆ ಅದನ್ನು ಯಾರೂ ಅರ್ಥ ಮಾಡಿಸಬೇಕಾಗಿಲ್ಲ. ಅದರಾಚೆ ಅದೇ ಮನೆಯವರು ಕಟ್ಟಿಸಿದ ಜಿಯಾಯೆ ಗ್ರಂಥಾಲಯ. ಸುತ್ತ ನೀರಿನ ಕಂದಕ, ಒಳಗೆ ಪುಸ್ತಕ ಅಚ್ಚು ಹಾಕುತ್ತಿದ್ದ ಮರದ ಹಲಗೆಗಳು. ಸಾಹುಕಾರಿಕೆ ಪುಸ್ತಕಕ್ಕೆ ಹೋದದ್ದಕ್ಕೆ ನನಗೆ ಅವರ ಮೇಲೆ ಸ್ವಲ್ಪ ಗೌರವ ಬಂತು. ಆದರೆ ಹುಳ?

ಹುಳ ಸಿಕ್ಕಿದ್ದು ರೇಷ್ಮೆ ವರ್ತಕರ ಸಂಘದ ಹಳೆಯ ಭವನದಲ್ಲಿ, ಗಾಜಿನ ಹಿಂದೆ. ಅದೀಗ ಜೀಲಿ ರೇಷ್ಮೆಯ ಮ್ಯೂಸಿಯಂ. ಉಳಿದವರು ಐಸ್‌ಕ್ರೀಮಿನ ಕಡೆ ಹೋದರು. ನಾನೂ ಹಿಂದೂಪುರದವಳೂ ಅಲ್ಲೇ ಉಳಿದೆವು, ಲಾವೋಷಿ ನಮ್ಮಿಬ್ಬರಿಗೆ ಓದಿ ಹೇಳಿದರು.

ಜೀಲಿ ನೂಲಿನ ಒಂದೆಳೆಗೆ ಎಂಟು ತಾಮ್ರದ ನಾಣ್ಯ ಪೋಣಿಸಿದರೂ ತುಂಡಾಗುತ್ತಿರಲಿಲ್ಲ ಎಂಬುದು ಊರಿನವರ ಹೇಳಿಕೆ. ಕ್ಯಾಂಗ್‌ಶಿ ಚಕ್ರವರ್ತಿಯ ನಿಲುವಂಗಿಗೂ ಇದೇ ನೂಲಂತೆ. ಹಳೆ ಊರುಗಳಲ್ಲಿ ಇಂಥ ಮಾತು ಸಾಮಾನ್ಯ, ಬಿಡಿ. ನನಗೆ ಹಿಡಿಸಿದ್ದು ವ್ಯಾಪಾರದ ಕಥೆ. ಹದಿನೆಂಟನೇ ಶತಮಾನದ ನಡುವಿನಿಂದ ಯುರೋಪಿನವರೊಡನೆ ಕಡಲ ವ್ಯಾಪಾರಕ್ಕೆ ಬಿಟ್ಟಿದ್ದು ದಕ್ಷಿಣದ ಗುವಾಂಗ್‌ಝೌ ಬಂದರೊಂದನ್ನೇ. ಇಲ್ಲಿನ ನೂಲು ಬೆಟ್ಟ ಗುಡ್ಡ ಹತ್ತಿ ಅಲ್ಲಿಗೆ ಹೋಗಬೇಕಿತ್ತು. ಅಫೀಮು ಯುದ್ಧದಲ್ಲಿ ಸೋತು, 1843ರಲ್ಲಿ ಶಾಂಘೈ ಬಾಗಿಲು ತೆರೆಯಬೇಕಾಗಿ ಬಂದಾಗ ದೇಶಕ್ಕೆ ಅದು ಅವಮಾನ, ನಾನ್‌ಶುನ್‌ಗೆ ಮಾತ್ರ ಲಾಟರಿ. ಕಾಲುವೆಯಲ್ಲಿ ದೋಣಿ ಬಿಟ್ಟರೆ ಸಾಕು, ಸರಕು ಶಾಂಘೈ ಮುಟ್ಟುತ್ತಿತ್ತು. ಇಂಗ್ಲಿಷ್ ಕಲಿತು ಬಿಳಿಯರ ಜೊತೆ ರೇಟು ಕುದುರಿಸುವ ದುಬಾಷಿಗಳೇ ಇಲ್ಲಿ ಒಂದು ವರ್ಗವಾದರು. 1851ರ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಶಾಂಘೈನ ವರ್ತಕನೊಬ್ಬ ಹನ್ನೆರಡು ಮೂಟೆ ಹೂಝೌ ರೇಷ್ಮೆ ಕಳಿಸಿ ಪದಕ ಗೆದ್ದ.

ಆಮೇಲೆ ಬಂತು ಕೊನೆಯ ಗೋಡೆ. ಅಲ್ಲಿ ದೀಪವೂ ಮಂಕು, ಬರಹವೂ ಕಡಿಮೆ. ಜೀಲಿ ನೂಲು ಹೆಂಗಸರು ಮನೆಯ ಒಲೆಯ ಮೇಲೆ ಗೂಡು ಬೇಯಿಸಿ, ಕೈಯಲ್ಲಿ ಬಿಚ್ಚಿದ ನೂಲು. ಮನೆಯಿಂದ ಮನೆಗೆ ಸ್ವಲ್ಪ ದಪ್ಪ, ಸ್ವಲ್ಪ ತೆಳು. ಅಮೆರಿಕದ ಯಂತ್ರಮಗ್ಗಗಳಿಗೆ ಬೇಕಾದದ್ದು ಒಂದೇ ಸಮನಾದ ಎಳೆ. ಜಪಾನಿನವರು ಫಿಲೇಚರುಗಳನ್ನು, ಅಂದರೆ ನೂಲು ಬಿಚ್ಚುವ ಕಾರ್ಖಾನೆಗಳನ್ನು ಕಟ್ಟಿ, ಸರ್ಕಾರದ ಕಡೆಯಿಂದ ಮೊಟ್ಟೆಯ ತಳಿ ಸುಧಾರಿಸಿ, ಅದನ್ನೇ ಕೊಟ್ಟರು. 1909ರ ಹೊತ್ತಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನು ಚೀನಾವನ್ನು ಹಿಂದೆ ಹಾಕಿತು. ಸಾವಿರಾರು ವರ್ಷದ ಕಸುಬಿನವರು ಎರಡನೆಯವರಾದರು. 1930ರ ದಶಕದ ಮಹಾ ಆರ್ಥಿಕ ಕುಸಿತ ಬಂದಾಗ ಈ ಸೀಮೆಯ ಗೂಡಿಗೆ ಕೇಳುವವರಿರಲಿಲ್ಲ.

ನಾನು ಆ ಗೋಡೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ಕಣ್ಣಿಗೆ ಕಂಡದ್ದು ಇಲ್ಲಿನ ಯಾವುದೋ ಹಳ್ಳಿಯ ಒಬ್ಬ ಅಪ್ಪ. ಮಾರುಕಟ್ಟೆಯಿಂದ ದೋಣಿಯಲ್ಲಿ ವಾಪಸು ಬಂದು, ಮೆಟ್ಟಿಲ ಮೇಲೆ ಕೂತು, ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸುತ್ತಾ, "ಜಪಾನಿನ ರೇಷ್ಮೆ ಬಂದದಂತೆ" ಅನ್ನುತ್ತಿದ್ದವನು. ಅವನ ಮಗಳೂ ಯಾರದೋ ಹಡಗು ಮುಳುಗಲಿ ಅಂತ ಬೇಡಿಕೊಂಡಿರಬೇಕು.

ಇದರಲ್ಲಿ ಇನ್ನೂ ಒಂದು ಸುತ್ತಿದೆ. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಸಿಎಸ್‌ಆರ್ ಎಂಬ ದ್ವಿತಳಿ ಹುಳಗಳನ್ನು ರೂಪಿಸಿತು, ಚೀನಾದ ಬಿಳಿ ನೂಲಿಗೆ ಎದುರು ನಿಲ್ಲಲಿ ಅಂತ. ನಮ್ಮ ಮನೆಯಲ್ಲಿ ಹಳದಿ ಗೂಡಿನ ಮಿಶ್ರತಳಿ ಬಿಟ್ಟು ಮೊದಲ ಸಲ ಬಿಳಿ ಗೂಡು ಮಾಡಿದಾಗ ಅವ್ವನಿಗೆ ಅದು ಗೂಡು ಅಂತಲೇ ಅನ್ನಿಸಿರಲಿಲ್ಲ. "ಬಿಳುಚಿಕೊಂಡವೆ, ರಕ್ತ ಇಲ್ದಂಗೆ" ಅಂದಿದ್ದಳು. ಇಲ್ಲಿ ಗಾಜಿನ ಹಿಂದಿದ್ದವೂ ಹಾಗೇ, ಬಿಳುಚಿಕೊಂಡಿದ್ದವು.

ಊಟದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾನು ಎರಡು ಬಗೆಯ ಮಾಂಸ ಹಾಕಿದ ಇಲ್ಲಿನ ಹೆಸರಾಂತ ನೂಡಲ್ಸು ತಿಂದೆ, ಚೆನ್ನಾಗಿತ್ತು. ಹಿಂದೂಪುರದ ಗಂಡ ಶಾಕಾಹಾರಿ. "ವೊ ಚ್ರ್ ಸು" ಎಂದು ಮೂರು ಸಲ ಹೇಳಿದರೂ ಸಾರು ಹಂದಿಯದ್ದೇ ಇರುತ್ತದೆ ಎಂಬ ಅನುಭವದಿಂದ ಅವರು ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು, ಕೊರಿಯಾದ ಮಕ್ಕಳು ಅದನ್ನು ಮುಗಿಸಿದರು. ಟೀ ಮಾತ್ರ ಮರೆಯುವ ಹಾಗಿಲ್ಲ. ಈ ಸೀಮೆಯ ಟೀಗೆ ಉಪ್ಪು. ಹೊಗೆಯಲ್ಲಿ ಒಣಗಿಸಿದ ಹಸಿರು ಸೋಯಾ ಕಾಳು, ಎಳ್ಳು, ಕಿತ್ತಳೆ ಸಿಪ್ಪೆ, ಎಲ್ಲದರ ಮೇಲೆ ಬಿಸಿನೀರು. ಕುಡಿದಾದ ಮೇಲೆ ತಳದಲ್ಲಿ ಉಳಿದದ್ದನ್ನು ತಿನ್ನಬೇಕು. ಕೊಸಂಬರಿಗೆ ಯಾರೋ ಬಿಸಿನೀರು ಹೊಯ್ದ ಹಾಗೆ. ಎರಡನೇ ಲೋಟವನ್ನು ಕೇಳಿ ಹಾಕಿಸಿಕೊಂಡೆ.

ಮಧ್ಯಾಹ್ನ ಬಾಯ್‌ಜಿಯೆನ್‌ಲೋವ್ ಕಡೆ ನಡೆದೆವು. ನೂರು ಕೋಣೆಯ ಸಾಲುಮನೆ ಅಂತ ಅರ್ಥ. ಮಿಂಗ್ ಕಾಲದ ಮಂತ್ರಿಯೊಬ್ಬ ಸೊಸೆಯ ಜೊತೆ ಬರುವ ದಾಸಿಯರಿಗಾಗಿ ಕಟ್ಟಿಸಿದ್ದು ಅನ್ನುತ್ತಾರೆ. ಕಾಲುವೆಯ ಬಾಗಿಗೆ ತಕ್ಕಂತೆ ಮನೆಗಳ ಸಾಲೂ ಬಾಗುತ್ತದೆ, ಮನೆಮನೆಯ ಮುಂದೆ ಕಮಾನು. ಇಲ್ಲಿ ಜನ ಈಗಲೂ ವಾಸ ಇದ್ದಾರೆ. ಬಟ್ಟೆ ಒಣಗುತ್ತಿತ್ತು, ಮುದುಕನೊಬ್ಬ ಸೊಪ್ಪು ಸೋಸುತ್ತಿದ್ದ.

ಮೂಗಿಗೆ ಅದು ಮೊದಲು ಬಡಿಯಿತು. ಬೆಂದ ಗೂಡಿನ ವಾಸನೆ. ಆ ವಾಸನೆಗೆ ನನ್ನ ಬಳಿ ಬೇರೆ ಹೋಲಿಕೆ ಇಲ್ಲ. ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಮನೆಗಳ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಓಡಿದವರಿಗೆ ಗೊತ್ತು, ಉಳಿದವರಿಗೆ ಹೇಳಿ ತಿಳಿಸಲಾಗದು. ಗುಂಪಿನವರೆಲ್ಲ ಮುಖ ಸಿಂಡರಿಸಿದರು. ನಾನು ವಾಸನೆ ಬಂದ ಕಡೆಗೆ ಹೋದೆ.

ಒಂದು ಅಂಗಡಿಯ ಮುಂದೆ ಮುದುಕಿ ಕೂತಿದ್ದಳು. ನೀರಿನ ತೊಟ್ಟಿ, ತೊಟ್ಟಿಗೆ ಅಡ್ಡಲಾಗಿ ಬಿದಿರಿನ ಬಿಲ್ಲು. ಬೇಯಿಸಿದ ಗೂಡನ್ನು ನೀರಿನೊಳಗೆ ಹರಿದು, ಹುಳ ತೆಗೆದು ಎಸೆದು, ಉಳಿದದ್ದನ್ನು ಬಿಲ್ಲಿನ ಮೇಲೆ ಟೋಪಿಯ ಹಾಗೆ ಎಳೆದು ಕೂರಿಸುತ್ತಿದ್ದಳು. ಒಂದರ ಮೇಲೊಂದು, ಒಂದರ ಮೇಲೊಂದು. ಕೈಯ ಓಟ ನೋಡುತ್ತಿದ್ದ ನನಗೆ ಗೂಡಿನ ಆಕಾರ ಕಂಡಿತು. ದಪ್ಪ, ಉರುಟು, ಒಳಗೆ ಎರಡು ಹುಳ. ಜೋಡಿ ಗೂಡು!

ಎರಡು ಹುಳ ಸೇರಿ ಕಟ್ಟಿದ ಗೂಡಿನಲ್ಲಿ ಎಳೆ ಸಿಕ್ಕಾಗಿರುತ್ತದೆ, ನೂಲು ಸಲೀಸಾಗಿ ಬಿಚ್ಚುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ರೀಲರುಗಳು ಲಾಟಿನೊಳಗೆ ಕೈಯಾಡಿಸಿ ಹುಡುಕುತ್ತಿದ್ದದ್ದು ಇದನ್ನೇ, ಸಿಕ್ಕಿದರೆ ರೇಟು ಇಳಿಸಲು ನೆಪ. ಇಲ್ಲಿ ಅದನ್ನೇ ಆರಿಸಿ ದುಪ್ಪಟಿ ಮಾಡುತ್ತಾರೆ. ನೂಲು ಬಿಚ್ಚುವ ಗೋಜೇ ಇಲ್ಲ, ಎಳೆದು ಹತ್ತಿಯ ಹಾಗೆ ಹರಡುವುದು.

ಮುದುಕಿ ನಮ್ಮನ್ನು ಕರೆದಳು. ಒಣಗಿದ ಒಂದು ಟೋಪಿ ತೆಗೆದು ನಾಲ್ಕು ಮೂಲೆ ನಾಲ್ವರ ಕೈಗೆ ಕೊಟ್ಟಳು: ಘಾನಾದ ಹುಡುಗ, ಕೊಲಂಬಿಯಾದ ತಂಗಿ, ಹಿಂದೂಪುರದವಳು, ನಾನು. ಎಳೆಯಿರಿ. ನಾವು ಎಳೆದೆವು. ಅಂಗೈಯಗಲದ್ದು ಮೊದಲು ಟವೆಲ್ಲಾಯಿತು, ಆಮೇಲೆ ಹೊದಿಕೆಯಾಯಿತು, ಆಮೇಲೆ ಮಂಚದಷ್ಟಾಗಿ ಆಚೆಯವರ ಮುಖ ಮಂಜಿನೊಳಗೆ ಕಂಡ ಹಾಗೆ ಕಂಡಿತು. ಹುಡುಗನ ಕೈಯಿಂದ ಮೂಲೆ ಜಾರಿ ಎಲ್ಲ ಒಂದು ಕಡೆ ಮುದ್ದೆಯಾಯಿತು. "ಮಾನ್ ಮಾನ್ ಲಾಯ್," ಅಂದಳು ಮುದುಕಿ. ನಿಧಾನ, ನಿಧಾನ. ಎರಡನೇ ಸಲ ಜಾರಲಿಲ್ಲ.

ನನ್ನ ಊರಿನಲ್ಲೂ ಹುಳ ಮೇಯಿಸುತ್ತಾರೆ ಅಂತ ಲಾವೋಷಿಯ ಮೂಲಕ ಹೇಳಿದೆ. ಲಾವೋಷಿ ಹೆನಾನ್ ಪ್ರಾಂತದವರು. ಮುದುಕಿಯ ಮಾತು ಅವರಿಗೂ ಅರ್ಧಂಬರ್ಧ. ಪಕ್ಕದ ಅಂಗಡಿಯ ಹುಡುಗಿ ಮುದುಕಿಯ ಮಾತನ್ನು ಪುಟೊಂಗ್‌ಹುವಾಕ್ಕೆ, ಅಂದರೆ ದೇಶಕ್ಕೆಲ್ಲ ಒಂದಾದ ಚೀನೀ ಭಾಷೆಗೆ, ಲಾವೋಷಿ ಅದನ್ನು ಸರಳ ಚೀನಿಗೆ, ನಾನು ಅದನ್ನು ಕನ್ನಡಕ್ಕೆ. ಹೀಗೆ ಮೂರು ಜರಡಿ ದಾಟಿ ಬಂದ ಮಾತುಕತೆ ನಮ್ಮದು.

ಹುಳ ಮೇಯುವ ತಿಂಗಳು ಮನೆಬಾಗಿಲು ಹಾಕಿಕೊಳ್ಳುತ್ತಿದ್ದರಂತೆ, ನೆಂಟರೂ ಬರುವಂತಿರಲಿಲ್ಲ. ನಮ್ಮಲ್ಲೂ ಹಾಗೆ, ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಹೊಸಿಲಿಗೆ ಸುಣ್ಣದ ಪುಡಿ ಹಾಕುತ್ತೇವೆ ಅಂದೆ. ಹುಳ ಅನ್ನಬಾರದು, ತ್ಸಾನ್ ಬಾವ್‌ಬಾವ್ ಅನ್ನಬೇಕು ಅಂದಳು. ರೇಷ್ಮೆ ಪಾಪು. ಪಾಪು ನಾಲ್ಕು ಸಲ ನಿದ್ದೆ ಮಾಡುತ್ತದೆ: ಮೊದಲನೇ ನಿದ್ದೆ, ಎರಡನೇ ನಿದ್ದೆ, ಮೂರನೇ ನಿದ್ದೆ, ಕೊನೆಯದು ದೊಡ್ಡ ನಿದ್ದೆ.

ಪೊರೆ ಬಿಡುವುದಕ್ಕೆ ಮುಂಚೆ ಹುಳ ಮೇವು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಇಡೀ ದಿನ ಕೂರುತ್ತದಲ್ಲ, ಅದಕ್ಕೆ ಇವರು ನಿದ್ದೆ ಅನ್ನುತ್ತಾರೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ. "ಹುಳ ಜ್ವರಕ್ಕೆ ಕೂತವೆ, ಸದ್ದು ಮಾಡಬ್ಯಾಡ್ರಿ" ಅಂತ ಅವ್ವ ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಜ್ವರ ಬಂದವರ ಮನೆಯ ಹಾಗೇ ಇರುತ್ತಿತ್ತು ನಮ್ಮ ಮನೆ, ಎಲ್ಲರೂ ತುದಿಗಾಲಿನಲ್ಲಿ. ಅದೇ ಹುಳ, ಅದೇ ದಿನ, ತೊಟ್ಟಿಲು ತೂಗುವ ಮನೆಯೂ ಒಂದಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಲಾವೋಷಿಗೆ ಜ್ವರದ ವಿಷಯ ಹೇಳಿದೆ. ಅವರು ಹುಡುಗಿಗೆ, ಹುಡುಗಿ ಮುದುಕಿಗೆ. ಮುದುಕಿ ಹುಬ್ಬು ಗಂಟಿಕ್ಕಿ ಏನೋ ಅಂದಳು. ಉತ್ತರ ಮೂರು ಜರಡಿ ದಾಟಿ ಬಂತು: "ಪಾಪ, ಅಲ್ಲಿ ಬಿಸಿಲು ಜಾಸ್ತಿ ಇರಬೇಕು."

ವರ್ಷಕ್ಕೆ ಎಷ್ಟು ಬೆಳೆ ಅಂತ ಕೇಳಿದಳು. ಇಲ್ಲಿ ಚಳಿಗಾಲದಲ್ಲಿ ಗಿಡ ಬೋಳು, ವಸಂತದ ಬೆಳೆಯೇ ದೊಡ್ಡದು, ಬೇಸಿಗೆ ಮತ್ತು ಶರತ್ಕಾಲದಲ್ಲಿ ಇನ್ನಷ್ಟು. ನಮ್ಮಲ್ಲಿ ಐದು, ಕೆಲವರು ಆರು ತೆಗೆಯುತ್ತಾರೆ, ವರ್ಷವಿಡೀ ಸೊಪ್ಪು ಇರುತ್ತದೆ ಅಂದೆ. ಅವಳ ಕೈ ತೊಟ್ಟಿಯೊಳಗೇ ನಿಂತಿತು.

"ಹಾಗಾದರೆ ಹೆಂಗಸರು ಮಲಗುವುದು ಯಾವಾಗ?"

ಇದಕ್ಕೆ ನನ್ನ ಬಳಿ ಚೀನೀ ಭಾಷೆಯಲ್ಲೂ ಉತ್ತರವಿರಲಿಲ್ಲ, ಕನ್ನಡದಲ್ಲೂ ಇರಲಿಲ್ಲ. ಕೊನೆಯ ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ಮೇವು ಹಾಕಿ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಏಳುತ್ತಿದ್ದ ಅವ್ವ, ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಸೆರಗು ಸುಟ್ಟುಕೊಂಡಿದ್ದಳು ಒಮ್ಮೆ. ನಾನು ಸುಮ್ಮನೆ ನಕ್ಕೆ.

ಈ ಗೂಡು ಎಲ್ಲಿಯದು ಅಂತ ಕೇಳಿದಾಗ ಅವಳು ಕೈ ದೂರಕ್ಕೆ ಬೀಸಿದಳು. ಇಲ್ಲಿಯದಲ್ಲ, ಗುವಾಂಗ್‌ಶಿಯದು. ಈ ಜಿಲ್ಲೆಯ ಮಕ್ಕಳು ಈಗ ಮರದ ನೆಲಹಾಸಿನ ಕಾರ್ಖಾನೆಗೋ ಲಿಫ್ಟ್ ಕಾರ್ಖಾನೆಗೋ ಹೋಗುತ್ತಾರೆ, ಹುಳ ಯಾರಿಗೆ ಬೇಕು? ವಾಪಸು ಬರುವಾಗ ಬಸ್ಸಿನಲ್ಲಿ ಹುಡುಕಿ ಓದಿದೆ. ಪೂರ್ವದ ಕರಾವಳಿಯಲ್ಲಿ ನೆಲ, ಕೂಲಿ ಎರಡೂ ದುಬಾರಿಯಾದ ಮೇಲೆ ಸರ್ಕಾರವೇ ಹಿಪ್ಪುನೇರಳೆಯನ್ನು ಪಶ್ಚಿಮಕ್ಕೆ ಕಳಿಸುವ ಯೋಜನೆ ಮಾಡಿತು. ವಿಯೆಟ್ನಾಂ ಗಡಿಯ ಗುವಾಂಗ್‌ಶಿ 2005ರಿಂದ ಗೂಡಿನಲ್ಲಿ ಚೀನಾಕ್ಕೇ ಮೊದಲು, ಈಗ ದೇಶದ ಗೂಡಿನಲ್ಲಿ ಸುಮಾರು ಅರ್ಧ ಅಲ್ಲಿಯದು. ಅಂದರೆ 2011ರಲ್ಲಿ ನಮ್ಮ ಒಂದು ಎಕರೆ ಕೀಳಿಸಿದ್ದು ಬಹುಶಃ ಈ ಆನೆಗಳ ಊರಲ್ಲ. ಗುವಾಂಗ್‌ಶಿಯ ಯಾವುದೋ ಗುಡ್ಡದ ಇಳಿಜಾರಿನಲ್ಲಿ, ಅಪ್ಪನ ಹಾಗೇ ಒಂದೆರಡು ಎಕರೆಯವನು. ಅವನಿಗೆ ಬಿಳಿ ಅಂಗಿ ಇತ್ತೋ ಇಲ್ಲವೋ.

ನಮ್ಮ ಕಡೆಯೂ ಅದೇ ನಡೆದಿದೆ. ರಾಮನಗರ ಜಿಲ್ಲೆಯ ಹೆಸರೇ ಈಗ ಬೆಂಗಳೂರು ದಕ್ಷಿಣ. ನಮ್ಮೂರಿನ ಹಾದಿಯಲ್ಲಿ ರೇಷ್ಮೆ ಸೊಪ್ಪಿದ್ದ ಹೊಲಗಳಲ್ಲಿ ಬಣ್ಣ ಬಳಿದ ಸೈಟುಕಲ್ಲುಗಳಿವೆ.

480 ಯುವಾನ್ ಕೊಟ್ಟು ಒಂದು ಕೆಜಿ ತೂಕದ ದುಪ್ಪಟಿ ತಂದೆ. ಚೌಕಾಸಿ ಮಾಡಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗೂಡಿನ ರೇಟು ಇಳಿಸುವವರ ಸಾಲಿಗೆ ಸೇರುವ ಮನಸ್ಸಾಗಲಿಲ್ಲ. ಹಿಂದೂಪುರದವಳು ಚೌಕಾಸಿ ಮಾಡಿ ಅದನ್ನೇ 400ಕ್ಕೆ ತಂದಳು, ಬಸ್ಸು ಶಾಂಘೈ ತಲುಪುವ ತನಕ ಆ ಎಂಬತ್ತು ಯುವಾನಿನ ವಿಷಯ ಬಿಡಲಿಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆನೆ, ಎತ್ತು, ಬಾಲ್ ರೂಮು ಯಾವುದೂ ಅವಳಿಗೆ ಬೇಕಾಗಲಿಲ್ಲ. ಜೋಡಿ ಗೂಡಿಗೆ ಬಂದಾಗ ಮಾತ್ರ, "ಅಯ್ಯೋ, ನಾವು ಎಷ್ಟು ಚೆಲ್ಲಿದೀವವ್ವಾ" ಅಂದಳು. ಜ್ವರಕ್ಕೆ ನಿದ್ದೆ ಅನ್ನುತ್ತಾರೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಲ್ಲೂ ಊಜಿ ಕೂರ್ತದಾ?"

ಊಜಿ ನೊಣ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ತಿಂದುಹಾಕುವ ನೊಣ. ಟಿಪ್ಪುವಿನ ಕಾಲದಲ್ಲಿ ರೇಷ್ಮೆ ಹುಳ ನಮ್ಮ ಸೀಮೆಗೆ ಬಂದದ್ದು ಬಂಗಾಳದಿಂದ. ಇನ್ನೂರು ವರ್ಷದ ಮೇಲೆ, 1980ರಲ್ಲಿ, ಹುಳದ ಯಮನೂ ಅಲ್ಲಿಂದಲೇ ಗೂಡಿನ ಚೀಲದಲ್ಲಿ ಕೂತು ಬಂದ. ಹುಳದ ಮನೆಗೆ ಸೊಳ್ಳೆಪರದೆ ಕಟ್ಟುವುದನ್ನು ಅವ್ವ ಕಲಿತದ್ದು ಅವನಿಂದ. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅಂದೆ.

ಲಾವೋಷಿಗೆ ಬರೆದೆ. ಅವರಿಗೂ ಗೊತ್ತಿರಲಿಲ್ಲ. ಆದರೆ ಮುಂದಿನ ಕ್ಲಾಸಿಗೆ ಬಂದವರೇ ನಮಸ್ಕಾರಕ್ಕೂ ಮುಂಚೆ ಬೋರ್ಡಿನ ಮೇಲೆ ಮೂರು ಅಕ್ಷರ ಬರೆದರು. ತ್ಸಾನ್, ಚ್ಯೂ, ಯಿಂಗ್. ರೇಷ್ಮೆ ಹುಳದ ನೊಣ. ಮೂರು ಅಕ್ಷರದಲ್ಲೂ ಹುಳ ಎಂಬ ಗುರುತು ಇದೆ, ಒಂದರಲ್ಲಿ ಕೆಳಗೆ, ಎರಡರಲ್ಲಿ ಎಡಕ್ಕೆ. ಪದ್ಧತಿಯಂತೆ ಪ್ರತಿ ಅಕ್ಷರವನ್ನೂ ಹತ್ತತ್ತು ಸಲ ಬರೆದೆ. ಇಟಲಿಯವನು ಇದು ಪರೀಕ್ಷೆಗೆ ಬರುತ್ತದಾ ಅಂತ ಕೇಳಿದ.

ಆ ರಾತ್ರಿ ಅವ್ವನಿಗೆ ಹೇಳಿದೆ, ಇಲ್ಲೂ ಊಜಿ ಇದೆಯಂತೆ.

"ಇರ್ತದೆ ಬಿಡು," ಅಂದಳು. "ಪರದೆ ಕಟ್ತಾರಂತಾ?"